ಜೀವಕೋಶದ ಎರಡು ಜರಡಿ

ಕುದುರೆಮುಖದ ತಪ್ಪಲಿನ ತೋಟಗಳಲ್ಲಿ ಕೊಯ್ದ ಕಾಫಿ ಕಣದಲ್ಲಿ ಒಣಗಿ, ಮೂಟೆಯಾಗಿ, ಲಾರಿಯೇರಿ ಕ್ಯೂರಿಂಗ್ ವರ್ಕ್ಸ್ ಸೇರುವುದನ್ನು ಕಳಸ, ಮೂಡಿಗೆರೆ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಸಿಪ್ಪೆ ಸುಲಿದ ಬೀಜ ಜರಡಿಗಳ ಮೇಲೆ ಹಾಯುತ್ತದೆ. ದೊಡ್ಡ ಕಣ್ಣಿನ ಜರಡಿಯ ಮೇಲೆ ಕಸಕಡ್ಡಿ, ಕಲ್ಲು ಉಳಿಯುತ್ತವೆ. ಸಣ್ಣ ಕಣ್ಣಿನ ಜರಡಿಯಿಂದ ನುಚ್ಚು ಕೆಳಗೆ ಬೀಳುತ್ತದೆ. ನಡುವೆ ನಿಂತದ್ದು ಬೇಕಾದ ಬೀಜ. ನಮ್ಮ ಮೈಯ ಜೀವಕೋಶಗಳೂ ಇದೇ ಉಪಾಯದಿಂದ ಬದುಕುತ್ತಿವೆ ಎಂದರೆ ನಂಬುತ್ತೀರಾ?

ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಸರ. ಇಪ್ಪತ್ತು ಬಗೆಯ ಮಣಿಗಳನ್ನು ಯಾವ ಕ್ರಮದಲ್ಲಿ ಪೋಣಿಸಬೇಕೆಂಬುದು ಡಿಎನ್‌ಎಯಲ್ಲಿ ಬರೆದಿದೆ. ಅದರ ನಕಲಾದ ಸಂದೇಶವಾಹಕ ಆರ್‌ಎನ್‌ಎಯನ್ನು ಓದುತ್ತಾ ಪೋಣಿಸುವ ಯಂತ್ರವೇ ರೈಬೋಸೋಮು. ಡಿಎನ್‌ಎಯನ್ನು ನಕಲು ಮಾಡುವಾಗ ಕೋಶ ಮಹಾ ಜಿಪುಣ: ತಿದ್ದುಪಡಿಯೆಲ್ಲ ಮುಗಿದ ಮೇಲೆ ನೂರು ಕೋಟಿ ಅಕ್ಷರಕ್ಕೆ ಒಂದು ತಪ್ಪು ಉಳಿದರೆ ಹೆಚ್ಚು. ಪ್ರೋಟೀನಿನಲ್ಲಿ ಹಾಗಲ್ಲ. ಸಾವಿರದಿಂದ ಹತ್ತು ಸಾವಿರ ಮಣಿಗಳಿಗೆ ಒಂದು ತಪ್ಪು ಬಿದ್ದೇ ಬೀಳುತ್ತದೆ. 400 ಮಣಿಗಳ ಪ್ರೋಟೀನು ಎಂದುಕೊಳ್ಳಿ. ಹತ್ತು ಸಾವಿರಕ್ಕೊಂದು ತಪ್ಪಾದರೆ ನೂರು ಸರಗಳಲ್ಲಿ ಸುಮಾರು 4 ಕೆಟ್ಟವು, ಸಾವಿರಕ್ಕೊಂದಾದರೆ 33. ಡಿಎನ್‌ಎಯ ತಪ್ಪು ಮೂಲ ಹಸ್ತಪ್ರತಿಯ ತಪ್ಪು, ಮುಂದಿನ ಪ್ರತಿಗಳಿಗೆಲ್ಲ ಅಂಟಿಕೊಳ್ಳುತ್ತದೆ. ಪ್ರೋಟೀನಿನ ತಪ್ಪು ಒಂದು ಪ್ರತಿಗಷ್ಟೇ ಸೇರಿದ್ದು. ಹಾಗೆಂದು ಕೋಶ ಅದನ್ನು ಸುಮ್ಮನೆ ಬಿಡುವುದಿಲ್ಲ.

ಮೊದಲ ತಪಾಸಣೆ ಮಣಿ ಸಾಗಿಸುವ ಕೂಲಿಯ ಬಳಿಯೇ. ವರ್ಗಾವಣೆ ಆರ್‌ಎನ್‌ಎ ಎಂಬ ಈ ಕೂಲಿಯ ತಲೆಗೆ ಸರಿಯಾದ ಅಮೈನೋ ಆಮ್ಲವನ್ನು ಹೊರಿಸಲು ಒಂದೊಂದು ಆಮ್ಲಕ್ಕೂ ಒಂದೊಂದು ಕಿಣ್ವವಿದೆ. ಐಸೊಲ್ಯೂಸೀನ್ ಹೊರಿಸುವ ಕಿಣ್ವದ ಕಷ್ಟ ನೋಡಿ. ಅದರ ಗೂಡಿಗಿಂತ ದೊಡ್ಡ ಆಮ್ಲ ಒಳಗೆ ಹಿಡಿಸುವುದಿಲ್ಲ, ಸರಿ. ಆದರೆ ವ್ಯಾಲೀನ್ ಐಸೊಲ್ಯೂಸೀನಿನ ತಮ್ಮನಂತಿದೆ: ಒಂದು ಇಂಗಾಲ, ಎರಡು ಜಲಜನಕ ಪರಮಾಣು ಕಡಿಮೆ, ಅಷ್ಟೇ ವ್ಯತ್ಯಾಸ. ಅಣ್ಣನ ಅಂಗಿ ತಮ್ಮನಿಗೆ ಆಗುವುದಿಲ್ಲವೇ! ಗಾತ್ರದ ಇಷ್ಟು ಸಣ್ಣ ವ್ಯತ್ಯಾಸವನ್ನೇ ನಂಬಿದರೆ ತಪ್ಪುಗಳು ವಿಪರೀತವಾಗಬೇಕು ಎಂದು 1950ರ ದಶಕದಲ್ಲೇ ಲೈನಸ್ ಪಾಲಿಂಗ್ ಲೆಕ್ಕ ಹಾಕಿದ್ದರು. ಆದರೆ 1963ರಲ್ಲಿ ಲಾಫ್ಟ್‌ಫೀಲ್ಡ್ ಕೋಳಿಯ ಪ್ರೋಟೀನಿನಲ್ಲಿ ಅಳೆದಾಗ ಸಿಕ್ಕಿದ್ದು ಮೂರು ಸಾವಿರಕ್ಕೆ ಒಂದರಷ್ಟು ತಪ್ಪು ಮಾತ್ರ.

ಇದು ಹೇಗೆ? 1977ರಲ್ಲಿ ಇಂಗ್ಲೆಂಡಿನ ಅಲನ್ ಫರ್ಶ್ಟ್ ಕೊಟ್ಟ ಉತ್ತರವೇ ಎರಡು ಜರಡಿ. ಕಿಣ್ವಕ್ಕೆ ಎರಡನೆಯದೊಂದು ಗೂಡಿದೆ, ಅದು ಇನ್ನೂ ಇಕ್ಕಟ್ಟು. ಐಸೊಲ್ಯೂಸೀನ್ ಅದರೊಳಗೆ ಹೋಗಲಾರದು, ಹಾಗಾಗಿ ಬಚಾವಾಗುತ್ತದೆ. ಸಣ್ಣ ವ್ಯಾಲೀನ್ ಸಲೀಸಾಗಿ ಒಳಗಿಳಿಯುತ್ತದೆ, ಕತ್ತರಿಗೆ ಸಿಗುತ್ತದೆ. ನುಚ್ಚು ಬಿದ್ದ ಹಾಗೆಯೇ. 1998ರಲ್ಲಿ ಜಪಾನಿನ ವಿಜ್ಞಾನಿಗಳು ಕಿಣ್ವದ ರಚನೆಯಲ್ಲಿ ಎರಡೂ ಗೂಡುಗಳನ್ನು ತೋರಿಸಿಕೊಟ್ಟರು.

ಎರಡನೆಯ ತಪಾಸಣೆ ರೈಬೋಸೋಮಿನಲ್ಲಿ. ಕೂಲಿ ತಂದ ಮೂರಕ್ಷರದ ಚೀಟಿ ಸಂದೇಶದ ಮೂರಕ್ಷರಕ್ಕೆ ಹೊಂದುತ್ತದೆಯೇ ಎಂದು ಅದು ತಡವಿ ನೋಡುತ್ತದೆ. ಈ ತಡವುವಿಕೆಯನ್ನು ಅಣುಮಟ್ಟದಲ್ಲಿ ಬಿಡಿಸಿಟ್ಟವರಲ್ಲಿ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು. 2009ರ ನೊಬೆಲ್ ಪಡೆದವರು. ಕ್ಷಯಕ್ಕೆ ಕೊಡುವ ಸ್ಟ್ರೆಪ್ಟೊಮೈಸಿನ್ ಬ್ಯಾಕ್ಟೀರಿಯಾದ ಈ ಹಿಡಿತವನ್ನೇ ಸಡಿಲಿಸಿ ತಪ್ಪು ಓದಿಸುತ್ತದೆ. ಹಾಗಾದರೆ ಹಿಡಿತ ಇನ್ನಷ್ಟು ಬಿಗಿಯಾದರೆ ಒಳ್ಳೆಯದಲ್ಲವೇ? ಅಲ್ಲ. ಆ ಔಷಧಿಗೆ ಬಗ್ಗದ ಕೆಲವು ತಳಿಗಳ ರೈಬೋಸೋಮು ಅತಿ ಕಟ್ಟುನಿಟ್ಟು. ಅವು ಬೆಳೆಯುವುದು ನಿಧಾನ. ಪ್ರತಿ ಅಕ್ಷರವನ್ನೂ ಮೂರು ಸಲ ತಿದ್ದುವ ವಿದ್ಯಾರ್ಥಿಯ ಉತ್ತರಪತ್ರಿಕೆ ಮುಗಿಯುವುದೇ ಇಲ್ಲವಲ್ಲ, ಹಾಗೆ.

ಸಂದೇಶದಲ್ಲೇ ತಪ್ಪು ಜಾಗದಲ್ಲಿ 'ನಿಲ್ಲು' ಎಂಬ ಸಂಕೇತ ಬಂದುಬಿಟ್ಟರೆ? ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದ ಒಬೈದ್ ಸಿದ್ದೀಕಿ ಅಮೆರಿಕದಲ್ಲಿ ಅಲನ್ ಗ್ಯಾರೆನ್ ಜೊತೆ ಕೆಲಸ ಮಾಡುತ್ತಿದ್ದಾಗ ಇಂಥ ಬ್ಯಾಕ್ಟೀರಿಯಾಗಳನ್ನು ಕಂಡರು. 1962ರಲ್ಲಿ ಅವರು ಪ್ರಕಟಿಸಿದ ಸಂಗತಿ ವಿಚಿತ್ರ: ಒಂದು ಕಿಣ್ವವನ್ನು ತಯಾರಿಸಲಾರದ ತಳಿ, ಬೇರೊಂದು ಜೀನಿನಲ್ಲಿ ಇನ್ನೊಂದು ಬದಲಾವಣೆಯಾದಾಗ ಮತ್ತೆ ಅದನ್ನು ತಯಾರಿಸತೊಡಗಿತು. ಬದಲಾದ ಕೂಲಿಯೊಂದು 'ನಿಲ್ಲು' ಎಂಬುದನ್ನು 'ಮುಂದೆ ಹೋಗು' ಎಂದು ಓದುವುದೇ ಇದರ ಗುಟ್ಟೆಂದು ಆಮೇಲೆ ತಿಳಿಯಿತು.

ನಮ್ಮ ಕೋಶಗಳದು ಬೇರೆ ದಾರಿ. ಅವು ಅಂಥ ಸಂದೇಶವನ್ನೇ ಹರಿದು ಹಾಕುತ್ತವೆ. ತಂದೆತಾಯಿಯರು ಇದನ್ನು ಗಮನವಿಟ್ಟು ಓದಬೇಕು. ಥಲಸೀಮಿಯಾ ಎಂಬ ಆನುವಂಶಿಕ ರಕ್ತಹೀನತೆಗೆ ಕಾರಣಗಳು ಹಲವು. ಹಿಮೋಗ್ಲೋಬಿನ್ನಿನ ಬೀಟಾ ಸರದ ಜೀನಿನಲ್ಲಿ ಬಂದ ಅಕಾಲದ 'ನಿಲ್ಲು' ಅವುಗಳಲ್ಲೊಂದು. ಸಂದೇಶ ಹರಿದು ಹೋಗುವುದರಿಂದ ಮೊಂಡು ಸರ ತಯಾರಾಗುವುದಿಲ್ಲ, ಇನ್ನೊಂದು ಒಳ್ಳೆಯ ಜೀನು ಕೆಲಸ ನಡೆಸುತ್ತದೆ, ವ್ಯಕ್ತಿ ಆರೋಗ್ಯವಾಗಿರುತ್ತಾನೆ. 'ನಿಲ್ಲು' ಜೀನಿನ ಕೊನೆಯ ಭಾಗದಲ್ಲಿದ್ದರೆ ಮಾತ್ರ ತಪಾಸಣೆಗೆ ಅದು ಕಾಣದು. ಆಗ ಮೊಂಡು ಸರಗಳು ತುಂಬಿ, ಒಂದೇ ಕೆಟ್ಟ ಜೀನಿನಿಂದಲೂ ಕಾಯಿಲೆ ಬರುವುದುಂಟು. ಆರೋಗ್ಯವಂತ ವಾಹಕರಿಗೆ ಇರುವ ಅಲ್ಪ ರಕ್ತಹೀನತೆಯನ್ನು ಕಬ್ಬಿಣದ ಕೊರತೆಯೆಂದು ಭಾವಿಸಿ ಗುಳಿಗೆ ನುಂಗಿಸುವುದಿದೆ. ಕುದುರೆಮುಖದ ಗುಡ್ಡದಷ್ಟು ಕಬ್ಬಿಣ ತಿಂದರೂ ಅದು ಹೋಗದು. ಹಿಮೋಗ್ಲೋಬಿನ್ ಎ2 ಅಳೆಯುವ ರಕ್ತಪರೀಕ್ಷೆಯಿಂದ ಸಾಮಾನ್ಯವಾಗಿ ವಿಷಯ ತಿಳಿಯುತ್ತದೆ. ಗಂಡಹೆಂಡಿರಿಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ತೀವ್ರ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಜಾತಕ ನೋಡುವ ಮನೆಗಳು ಈ ಪರೀಕ್ಷೆಯ ಚೀಟಿಯನ್ನೂ ನೋಡಿದರೆ ಒಳ್ಳೆಯದು.

ಇಷ್ಟೆಲ್ಲ ದಾಟಿ ಬಂದ ಕೆಟ್ಟ ಸರಗಳಿಗೆ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸಿ ಚೂರು ಮಾಡುವ ವ್ಯವಸ್ಥೆ ಬೇರೆ ಇದೆ. ಅದರ ಶೋಧಕ್ಕೆ 2004ರ ನೊಬೆಲ್ ಸಂದಿತು.

ಜರಡಿಯ ಒಂದು ಕಣ್ಣು ಕೊಂಚ ಹರಿದರೆ ಏನಾದೀತು? ಅಮೆರಿಕದ ವಿಜ್ಞಾನಿಗಳು 2006ರಲ್ಲಿ ಒಂದು ಇಲಿಯ ತಳಿಯಲ್ಲಿ ಇದನ್ನು ಕಂಡರು. ಅಲನೀನ್ ಹೊರಿಸುವ ಕಿಣ್ವದ ತಿದ್ದುವ ಶಕ್ತಿ ಅವುಗಳಲ್ಲಿ ಸ್ವಲ್ಪ ಮಾತ್ರ ಕುಗ್ಗಿತ್ತು. ಅಲನೀನಿನ ಜಾಗದಲ್ಲಿ ಆಗಾಗ ಸೆರೀನ್ ಸೇರುತ್ತಿತ್ತು. ಇಲಿಗಳು ಹುಟ್ಟಿದವು, ಬೆಳೆದವು. ಆಮೇಲೆ ತೂರಾಡತೊಡಗಿದವು. ಕಿರುಮೆದುಳಿನಲ್ಲಿ ಮೈಯ ಸಮತೋಲ ಕಾಯುವ ಪುರ್ಕಿಂಜೆ ನರಕೋಶಗಳು ಒಂದೊಂದಾಗಿ ಸಾಯುತ್ತಿದ್ದವು. ವಿಭಜನೆಯಾಗುವ ಕೋಶ ತನ್ನ ಕಸವನ್ನು ಎರಡಾಗಿ ಹಂಚಿಕೊಂಡು ಹಗುರಾಗುತ್ತದೆ. ನರಕೋಶಕ್ಕೆ ಆ ಅನುಕೂಲವಿಲ್ಲ. ಒಮ್ಮೆ ರೂಪುಗೊಂಡ ಮೇಲೆ ಅದು ವಿಭಜನೆಯಾಗುವುದಿಲ್ಲ.