‘ನಮ್ಮ ಜನಕ್ಕೆ ಅರ್ಥ ಆಗಲ್ಲ’ ಅಂತ ತೀರ್ಮಾನ ಮಾಡಿದ್ದು ಯಾರು?

(1/5)
‘ಅಸಂಗತ ನಾಟಕ ಎಲ್ಲಾ ಬೆಂಗಳೂರು, ಮೈಸೂರಿನೋರಿಗೆ. ಹಾಸನದ ಕಡೆ ಹಳ್ಳಿ ಜನಕ್ಕೆ ತಲೆಬುಡ ಅರ್ಥ ಆಗಲ್ಲ.’ ಈ ಮಾತು ನೀವೂ ಕೇಳಿರ್ತೀರ. ಕೆಲವರು ಹೇಳಿಯೂ ಇರ್ತೀರ. ಇವತ್ತಿನ ಜಗಳ ಅದರ ಮೇಲೇ.

(2/5)
2009ರಲ್ಲಿ ಇಯಾನ್ ಮೆಕೆಲನ್ (ನಮ್ಮ ಗ್ಯಾಂಡಾಲ್ಫ್!) ಮತ್ತು ಪ್ಯಾಟ್ರಿಕ್ ಸ್ಟುವರ್ಟ್ (ಪ್ರೊಫೆಸರ್ ಎಕ್ಸ್!) ಸೇರಿ ಬೆಕೆಟ್‌ನ ‘ವೇಯ್ಟಿಂಗ್ ಫಾರ್ ಗೋಡೋ’ ಆಡಿದ್ರು. ನೇರ ಲಂಡನ್‌ಗೆ ಹೋಗಲಿಲ್ಲ. ಮಾಲ್ವರ್ನ್ ಅನ್ನೋ ಸಣ್ಣ ಊರಲ್ಲಿ ಶುರು ಮಾಡಿ, ಇನ್ನೂ ಹಲವು ಊರು ಸುತ್ತಿ, ಆಮೇಲೆ ಲಂಡನ್.
ಕಥೆ ಇಷ್ಟೇ: ರಸ್ತೆ ಬದಿ, ಒಂದು ಮರ, ಇಬ್ಬರು. ಗೋಡೋ ಅನ್ನೋನಿಗಾಗಿ ಕಾಯ್ತಾರೆ. ಅವನು ಬರಲ್ಲ. ಮಾರನೇ ದಿನವೂ ಕಾಯ್ತಾರೆ. ಆಗಲೂ ಬರಲ್ಲ.

(3/5)
1956ರಲ್ಲಿ ಅಮೆರಿಕದ ಮಯಾಮಿಯಲ್ಲಿ ಇದೇ ನಾಟಕಕ್ಕೆ ಬಂದ ಬಹಳ ಜನ ಅರ್ಧಕ್ಕೇ ಎದ್ದು ಹೋದ್ರು. ಮಾರನೇ ವರ್ಷ ಸ್ಯಾನ್ ಕ್ವೆಂಟಿನ್ ಜೈಲಲ್ಲಿ ಸುಮಾರು 1400 ಕೈದಿಗಳು ಕೊನೆವರೆಗೂ ನೋಡಿದ್ರು. ಕಾಯೋದು ಅಂದ್ರೇನು ಅಂತ ಅವರಿಗೆ ಯಾರೂ ಪಾಠ ಮಾಡಬೇಕಿರಲಿಲ್ಲ.
ನಮಗೆ ಮಾಡ್ಬೇಕಾ ಗುರು? ಆಲೂಗೆಡ್ಡೆ ಕಿತ್ತು ರೇಟಿಗೆ ಕಾಯ್ತೀವಿ. ಪಿಡಿಒ, ಎಫ್‌ಡಿಎ ಪರೀಕ್ಷೆ ಬರೆದು ಲಿಸ್ಟಿಗೆ ಕಾಯ್ತೀವಿ. ಶಾಂತಿಗ್ರಾಮದ ಹೈವೇಲಿ ಕೈ ಅಡ್ಡ ಹಿಡಿದು, ನಿಲ್ಲಿಸದೇ ಹೋಗೋ ಎಕ್ಸ್‌ಪ್ರೆಸ್ ಬಸ್ಸು ಎಣಿಸ್ತೀವಿ.

(4/5)
‘ಕಥೆನೇ ಇಲ್ವಲ್ಲ, ಯಾರು ಕೂರ್ತಾರೆ?’ ಅಂತೀರಾ? ನಮ್ಮ ಊರುಗಳಲ್ಲಿ ‘ಕುರುಕ್ಷೇತ್ರ’ ನಾಟಕ ಬೆಳಗಿನ ಜಾವದವರೆಗೆ ನಡೆಯುತ್ತೆ. ದುರ್ಯೋಧನ ಸಾಯ್ತಾನೆ ಅಂತ ಎಲ್ಲರಿಗೂ ಗೊತ್ತು. ಆದ್ರೂ ಕಂಬಳಿ ಹೊದ್ದು ಕೂರ್ತಾರೆ. ಯಾಕೆ? ಮುಂದೇನಾಗುತ್ತೆ ಅಂತ ತಿಳಿಯೋಕಲ್ಲ, ಪಾತ್ರಧಾರಿ ಈಗ ಹೆಂಗೆ ಆಡ್ತಾನೆ ಅಂತ ನೋಡೋಕೆ. ಹೌದು, ಅಲ್ಲಿ ಹಾರ್ಮೋನಿಯಂ ಇದೆ, ಹಾಡಿದೆ, ಇಲ್ಲಿ ಇಲ್ಲ. ಆದ್ರೆ ಗೋಡೋ ನೋಡೋಕೆ ಬೇಕಾದ ಕಣ್ಣು ಅದೇ. ಹದಿನೈದು ಸೆಕೆಂಡಿಗೆ ರೀಲ್ಸ್ ತಳ್ಳೋ ನಾವು, ಅವರಿಗೆ ತಾಳ್ಮೆ ಇಲ್ಲ ಅನ್ನೋದೇ ನಿಜವಾದ ಅಸಂಗತ!
‘ಫಾರಿನ್ ಸರಕು’ ಅನ್ನೋರಿಗೆ: ಚಂಪಾ ‘ಕೊಡೆಗಳು’ ಬರೆದದ್ದು ಕನ್ನಡದಲ್ಲೇ.

(5/5)
ಈಗ ಬಿಕಾಂ ಲೆಕ್ಕ. ಗೋಡೋಗೆ ಪಾತ್ರ ಐದು, ಮರ ಒಂದು. ಸೀನರಿ ಬಾಡಿಗೆ ಸೊನ್ನೆ. ನಾಟಕ ಹೊತ್ತು ಊರೂರು ಸುತ್ತಬಹುದು ಅಂತ ನೀನಾಸಮ್ ತಿರುಗಾಟ 1985ರಿಂದ ತೋರಿಸ್ತಾ ಇದೆ. ಅಂದ್ರೆ ತೊಂದರೆ ಇರೋದು ಖರ್ಚಲ್ಲೂ ಅಲ್ಲ, ಜನರಲ್ಲೂ ಅಲ್ಲ. ‘ನಿಮಗಿದು ಬೇಡ’ ಅಂತ ನಮ್ಮ ಪರವಾಗಿ ಬೇರೆಯವರು ಹೇಳ್ತಾರೆ, ನಾವು ತಲೆ ಆಡಿಸ್ತೀವಿ.
ಹಾಗಾಗಿ ಈ ಸಲ ಕಾಲೇಜ್ ಡೇ ಮೀಟಿಂಗಲ್ಲಿ ಡಿಜೆ ಬಜೆಟ್ ಓದುವಾಗ ಕೈ ಎತ್ತಿ. ಒಂದು ತಂಡ ಕರೆಸಿ ಅನ್ನಿ. ಊರಿನೋರಿಗೂ ಗೇಟ್ ತೆಗೀರಿ ಅನ್ನಿ. ಅರ್ಥ ಆಯ್ತೋ ಇಲ್ವೋ, ನೋಡಿದ ಮೇಲೆ ಅವರೇ ಹೇಳ್ಲಿ.
ಕೈ ಎತ್ತೋರು ಕಾಮೆಂಟಲ್ಲಿ ಹೆಸರು ಹಾಕಿ, ಮೀಟಿಂಗಿಗೆ ಒಟ್ಟಿಗೆ ಹೋಗೋಣ.

#ಅಸಂಗತನಾಟಕ #ಶಾಂತಿಗ್ರಾಮ #ಹಾಸನ #ರಂಗಭೂಮಿ