ಗಣಕದ ಕಿಟಕಿ ಮತ್ತು ಕಲಾವಿದ್ಯಾರ್ಥಿ

ಪ್ರೋಗ್ರಾಮ್ ಬರೆಯುವುದು ವಿಜ್ಞಾನದ ವಿದ್ಯಾರ್ಥಿಗಳ ಸೊತ್ತೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ನಾನಿದನ್ನು ಒಪ್ಪಲಾರೆ. ಪೈಥಾನ್ ಭಾಷೆಯ ಟಿಕಿಂಟರ್‌ನಿಂದ ಹತ್ತು ಸಾಲುಗಳೊಳಗೆ ಗಣಕದ ತೆರೆಯ ಮೇಲೆ ಒಂದು ಕಿಟಕಿ, ಅದರಲ್ಲೊಂದು ಗುಂಡಿ ಮೂಡುತ್ತವೆ. ನಿಜವಾದ ತೊಡಕು ಬೇರೆ. ಮೊದಮೊದಲು ಕಲಿಯುವ ಪ್ರೋಗ್ರಾಮ್ ಮೇಲಿನಿಂದ ಕೆಳಕ್ಕೆ ನಡೆದು ಮುಗಿಯುತ್ತದೆ. ಇದಾದರೋ ‘ಮೇನ್‌ಲೂಪ್’ ಎಂಬ ಸುತ್ತಿನಲ್ಲಿ ನಿಂತು, ಬಳಸುವವರು ಗುಂಡಿ ಒತ್ತಲೆಂದು ಕಾಯುತ್ತದೆ. ಗುಂಡಿಗೆ ವಹಿಸಿದ ಕೆಲಸ ದೀರ್ಘವಾದರೆ ಕಿಟಕಿಯೇ ಮರಗಟ್ಟುತ್ತದೆ. ಆದುದರಿಂದ, ಗುಂಡಿಗಳನ್ನು ಎಳೆದು ಜೋಡಿಸುವ ಸಿದ್ಧ ಸಲಕರಣೆಗಳಿಗೆ ಮೊರೆಹೋಗುವ ಮುನ್ನ ಇದನ್ನು ಕೈಯಾರೆ ಬರೆದು ಕಲಿಯಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ಗುಂಡಿಯ ಮೇಲಿನ ಮಾತು, ತಪ್ಪಾದಾಗ ತಿಳಿಹೇಳುವ ಮಾತು—ಇವು ಭಾಷೆಯ ಕೆಲಸ. ‘ಉಳಿಸು’, ‘ಅಳಿಸು’ಗಳ ಭೇದ ತಡವಾಗಿ ಅಕ್ಷರ ಕಲಿತ ನಮ್ಮ ತಾಯಂದಿರಿಗೂ ತಿಳಿಯುವಂತಿರಬೇಕು. ಅದಕ್ಕೆ ಕಲಾವಿದ್ಯಾರ್ಥಿ ಅನರ್ಹನೆಂದು ಯಾರು ಹೇಳಬಲ್ಲರು?