ಹ್ಯೂಬ್ನರ್ ಆಡಿದ ಕ್ಲಬ್‌ಗಳು ಒಂದೊಂದಾಗಿ ಮುಳುಗಿದ ಕಥೆ

ಇಟಲಿಯ ಬ್ರೆಶಾ ಫುಟ್‌ಬಾಲ್ ಕ್ಲಬ್ 2025ರ ಬೇಸಿಗೆಯಲ್ಲಿ ವೃತ್ತಿಪರ ಲೀಗಿನಿಂದ ಹೊರಬಿದ್ದಿತು. 1911ರಲ್ಲಿ ಹುಟ್ಟಿದ, ರಾಬರ್ಟೊ ಬಾಜಿಯೊ ಆಡಿದ ಕ್ಲಬ್ ಅದು. ತೆರಿಗೆ ಪಾವತಿಯ ಲೋಪಕ್ಕೆ 4 ಅಂಕ ಕಳೆದುಕೊಂಡು ‘ಸೀರಿ ಬಿ’ಯಿಂದ ‘ಸೀರಿ ಸಿ’ಗೆ ಜಾರಿತು, ಅಲ್ಲಿ ಹೆಸರು ನೋಂದಾಯಿಸಲು ಬೇಕಾದ ಬಾಕಿಯನ್ನೂ ಕಟ್ಟಲಾಗಲಿಲ್ಲ.

ಈ ಸುದ್ದಿಯನ್ನು ಡೇರಿಯೊ ಹ್ಯೂಬ್ನರ್ ಎಂಬ ಆಟಗಾರನ ವೃತ್ತಿಜೀವನದ ಪಕ್ಕದಲ್ಲಿಟ್ಟು ನೋಡಿದರೆ ಇಟಲಿಯ ಕೆಳಹಂತದ ಫುಟ್‌ಬಾಲಿನ ಸ್ಥಿತಿ ಸ್ಪಷ್ಟವಾಗುತ್ತದೆ. 1967ರಲ್ಲಿ ಟ್ರಿಯೆಸ್ಟೆ ಬಳಿಯ ಮುಜ್ಜಾದಲ್ಲಿ ಜನಿಸಿದ ಹ್ಯೂಬ್ನರ್ ಕಮ್ಮಾರಿಕೆ ಮಾಡುತ್ತಲೇ ಹವ್ಯಾಸಿಯಾಗಿ ಆಡಿದವರು. ದೊಡ್ಡ ಕ್ಲಬ್‌ಗಳ ಅಕಾಡೆಮಿಯ ನೆರಳೂ ಅವರ ಮೇಲೆ ಬಿದ್ದಿರಲಿಲ್ಲ. ಪೆರ್ಗೊಕ್ರೆಮಾ, ಫಾನೊ, ಚೆಸೆನಾ, ಬ್ರೆಶಾ ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ‘ಸೀರಿ ಎ’ ಮುಟ್ಟುವಾಗ ವಯಸ್ಸು 30. 1997ರ ಆಗಸ್ಟ್ 31ರಂದು ಮಿಲಾನಿನಲ್ಲಿ ಇಂಟರ್ ವಿರುದ್ಧ ಚೊಚ್ಚಲ ಪಂದ್ಯದಲ್ಲೇ ಗೋಲು ಹೊಡೆದರು. ಅಂದು ಎಲ್ಲರ ಕಣ್ಣು ಇಂಟರ್‌ಗೆ ಆಗಷ್ಟೇ ಬಂದಿದ್ದ ರೊನಾಲ್ಡೊ ಮೇಲಿತ್ತು. ಕೊನೆಗೆ ರೆಕೋಬಾ ಹೊಡೆದ ಎರಡು ಗೋಲುಗಳಿಂದ ಇಂಟರ್ ಗೆದ್ದಿತು ಎಂಬುದು ಬೇರೆ ಮಾತು.

2001-02ರಲ್ಲಿ ಪಿಯಾಚೆಂಜಾ ಪರ 24 ಗೋಲು ಗಳಿಸಿ, ಯುವೆಂಟಸ್‌ನ ಟ್ರೆಝೆಗೆ ಜತೆ ‘ಸೀರಿ ಎ’ಯ ಅಗ್ರ ಗೋಲುಗಾರ ಪಟ್ಟ ಹಂಚಿಕೊಂಡಾಗ ಅವರಿಗೆ 35 ತುಂಬಿತ್ತು. ಅದಕ್ಕೂ ಮೊದಲು ‘ಸಿ1’ ಮತ್ತು ‘ಬಿ’ ಹಂತಗಳಲ್ಲೂ ಅದೇ ಗೌರವ ಪಡೆದಿದ್ದರು. ಮೂರೂ ಹಂತಗಳಲ್ಲಿ ಇದನ್ನು ಸಾಧಿಸಿದ ಇನ್ನೊಬ್ಬರು ಇಗೊರ್ ಪ್ರೊಟ್ಟಿ. ಇಬ್ಬರಿಗೂ ರಾಷ್ಟ್ರೀಯ ತಂಡದ ಬಾಗಿಲು ತೆರೆಯಲಿಲ್ಲ.

ಈಗ ಅವರ ಕ್ಲಬ್‌ಗಳ ಗತಿ ನೋಡಿ. ಅಂಕೋನಾ 2004ರಲ್ಲಿ, ಪೆರೂಜಾ 2005ರಲ್ಲಿ, ಮಾಂಟೊವಾ 2010ರಲ್ಲಿ, ಪಿಯಾಚೆಂಜಾ ಹಾಗೂ ಪೆರ್ಗೊಕ್ರೆಮಾ 2012ರಲ್ಲಿ, ಚೆಸೆನಾ 2018ರಲ್ಲಿ ಹಣಕಾಸಿನ ಹೊರೆಗೆ ಕುಸಿದವು. ಬ್ರೆಶಾ ಈ ಸಾಲಿಗೆ ಹೊಸ ಸೇರ್ಪಡೆ. ಇಷ್ಟನ್ನು ಕಾಕತಾಳೀಯ ಎನ್ನಲಾಗದು.

ಕಾರಣ ಗುಟ್ಟೇನಲ್ಲ. ‘ಎ’ ಮತ್ತು ‘ಬಿ’ಯಲ್ಲಿ ತಲಾ 20, ‘ಸಿ’ಯಲ್ಲಿ 60 ಎಂದು ಇಟಲಿ ನೂರು ವೃತ್ತಿಪರ ಕ್ಲಬ್‌ಗಳನ್ನು ಸಾಕುತ್ತಿದೆ. ಜರ್ಮನಿಯ ಮೇಲಿನ ಮೂರು ಲೀಗುಗಳಲ್ಲಿ ಇರುವುದು 56. ಟಿವಿ ಹಣದ ಸಿಂಹಪಾಲು ಮೇಲೆಯೇ ಉಳಿಯುತ್ತದೆ. ಕೆಳಗಿನವರು ಮಾಲೀಕನ ಜೇಬು ನಂಬಿ ಬಡ್ತಿಯ ಜೂಜಾಡುತ್ತಾರೆ. ಜೇಬು ಬರಿದಾದರೆ ಮೊದಲು ನಿಲ್ಲುವುದು ಆಟಗಾರರ ಸಂಬಳ. 2025ರ ಮಾರ್ಚ್‌ನಲ್ಲಿ ಟರಾಂಟೊ ಮತ್ತು ಟುರಿಸ್ ತಂಡಗಳನ್ನು ಋತುವಿನ ನಡುವೆಯೇ ‘ಸಿ’ಯಿಂದ ಹೊರಹಾಕಲಾಯಿತು, ಅವುಗಳ ವಿರುದ್ಧ ಆಡಿದ ಪಂದ್ಯಗಳ ಫಲಿತಾಂಶಗಳೂ ರದ್ದಾದವು.

ಇದರ ಜತೆಗೆ, ‘ಸಿ’ಯಲ್ಲಿ ಯುವಕರನ್ನು ಕಣಕ್ಕಿಳಿಸಿದ ನಿಮಿಷಗಳ ಲೆಕ್ಕದಲ್ಲಿ ಕ್ಲಬ್‌ಗಳಿಗೆ ಹಣ ಸಿಗುವ ವ್ಯವಸ್ಥೆಯಿದೆ. 2018ರಿಂದ ಯುವೆಂಟಸ್‌ನಂಥ ದೊಡ್ಡ ಕ್ಲಬ್‌ಗಳ ಎರಡನೇ ತಂಡಗಳೂ ಅಲ್ಲಿ ಆಡುತ್ತಿವೆ. ಪ್ರತಿಭೆ ಬೆಳೆಸುವ ಉದ್ದೇಶ ಒಳ್ಳೆಯದೇ. ಆದರೆ ಕಾಸಿಗಾಗಿ ತಂಡ ಆರಿಸುವ ತರಬೇತುದಾರ, 25ರ ಹರೆಯದಲ್ಲಿ ಇನ್ನೂ ಫಾನೊದಂಥ ಊರಿನಲ್ಲಿರುವ ಮುಂಪಡೆ ಆಟಗಾರನಿಗಾಗಿ ಕಾಯುವುದು ಅನುಮಾನ. ಹ್ಯೂಬ್ನರ್ ಅದೇ ವಯಸ್ಸಿನಲ್ಲಿ, 1992ರಲ್ಲಿ, ಫಾನೊದಿಂದ ‘ಬಿ’ಗೆ ಏರಿದ್ದರು.

ಅತ್ತ ಬ್ರೆಶಾದಲ್ಲಿ ನೆರೆಯ ಫೆರಾಲ್ಪಿಸಾಲೊ ಕ್ಲಬ್ಬಿನ ಸ್ಥಾನ ಪಡೆದು ‘ಯೂನಿಯನ್ ಬ್ರೆಶಾ’ ಹೆಸರಿನ ಹೊಸ ತಂಡ 2025-26ರಲ್ಲಿ ‘ಸಿ’ಯಲ್ಲಿ ಕಣಕ್ಕಿಳಿಯಿತು. ಊರಿಗೆ ತಂಡ ಸಿಕ್ಕಿತು. ಫೆರಾಲ್ಪಿಸಾಲೊ ತನ್ನ ಹೆಸರನ್ನೇ ಬಿಟ್ಟುಕೊಡಬೇಕಾಯಿತು.